ರದ್ದಾದ ಕೋಡ್ ಪುಸ್ತಕ ರದ್ದಿಗೆ ಹಾಕಬ್ಯಾಡ್ರಿ

ಹೋದ ತಿಂಗಳು ದಾವಣಗೆರೆ ಮಂಡಿಪೇಟೆ ಹತ್ರ ಒಂದು ಹಳೇ ಬಿಲ್ಡಿಂಗ್ ನೋಡೋಕೆ ಹೋಗಿದ್ವಿ, ಮೇಲೆ ಇನ್ನೊಂದು ಫ್ಲೋರ್ ಎತ್ತಬಹುದಾ ಅಂತ ಮಾಲೀಕರು ಕೇಳಿದ್ರು. ಪುಣ್ಯಕ್ಕೆ ಅವರಪ್ಪನ ಕಾಲದ ಡ್ರಾಯಿಂಗ್ ಟ್ರಂಕಲ್ಲಿ ಉಳಿದಿತ್ತು, 1972ರ ಬ್ಲೂಪ್ರಿಂಟ್, ಮಡಚಿದ ಕಡೆಯೆಲ್ಲಾ ಹರಿದುಹೋಗಿತ್ತು. ಮೂಲೇಲಿ ಕಾಂಕ್ರೀಟ್ ಎಂ 150 ಅಂತ ಇತ್ತು. ನನ್ನ ಜೊತೆ ಇದ್ದ ಹುಡುಗ, ಈಗಷ್ಟೇ ಬಿಇ ಮುಗಿಸಿದೋನು, ಚುರುಕಿದ್ದಾನೆ, "ಸಾರ್ ಮನೆಗಳಿಗೆ ನಾವು ಎಂ 20, ಎಂ 25 ಹಾಕ್ತೀವಿ, ಎಂ 150 ಹೆಂಗ್ ಸಾರ್, ತಪ್ಪು ಬರ್ದಿದಾರೆ, ಎಂ 20 ಅಂತ ಹಿಡಿಯೋಣ" ಅಂದ.

ತಪ್ಪಲ್ಲ ಅದು. ಆಗ ನಡೀತಿದ್ದಿದ್ದು ಐಎಸ್ 456, ಅಂದ್ರೆ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ನಿಯಮಗಳ ಕೋಡ್ ಪುಸ್ತಕ, ಅದರ 1964ರ ಆವೃತ್ತಿ, ಅದರಲ್ಲಿ ಕಾಂಕ್ರೀಟ್ ಬಲ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ ಲೆಕ್ಕ, ಎಂ 150 ಅಂದ್ರೆ 150 ಕೆಜಿ. 1978ರಲ್ಲಿ ಅದನ್ನ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅನ್ನೋ ಲೆಕ್ಕಕ್ಕೆ ತಂದ್ರು, ಅದೇ ಕಾಂಕ್ರೀಟ್ ಎಂ 15 ಆಯ್ತು. ಹುಡುಗ ಹೇಳಿದಂಗೆ 20 ಅಂತ ಹಿಡಿದಿದ್ರೆ ಇರೋ ಬಲಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ ಹಿಡಿದು ಅದರ ಮೇಲೆ ಒಂದು ಫ್ಲೋರ್ ಹೊರಿಸಿದಂಗೆ. ಕಾಂಕ್ರೀಟಿನ ತುಂಡು (ಕೋರ್) ಕೊರೆದು ತೆಗೆದು ಟೆಸ್ಟ್ ಮಾಡಿಸ್ತೀವಿ, ಅದು ಬೇರೆ ಮಾತು, ಆದ್ರೆ ಕಟ್ಟಿದೋರು ಏನಂದ್ಕೊಂಡು ಕಟ್ಟಿದ್ರು ಅನ್ನೋದು ಆ ಕಾಲದ ಪುಸ್ತಕ ಇಲ್ದೆ ಗೊತ್ತಾಗಲ್ಲ. ಹುಡುಗನ್ನ ಬೈಯೋ ಹಂಗೂ ಇಲ್ಲ, ಕಾಲೇಜಲ್ಲಿ ಅವನಿಗೆ ತೋರಿಸಿರೋದು 2000ದ್ದು ಒಂದೇ.

ಆ 1964ರ ಪುಸ್ತಕ ನನ್ನ ಹತ್ರ ಇದೆ, ನಿವೃತ್ತ ಓವರ್‌ಸಿಯರ್ ಒಬ್ರು "ತಗಳಪ್ಪಾ, ನಮ್ಮನೇಲಿ ಇದನ್ನ ಕೇಳೋರು ಯಾರಿದಾರೆ" ಅಂತ ಕೊಟ್ಟಿದ್ದು. ತೆಗೆದು ನೋಡಿದ್ರೆ ಪುಟದ ಮಧ್ಯ ಮಧ್ಯ ತಿದ್ದುಪಡಿ ಚೀಟಿ ಅಂಟಿಸಿದಾರೆ, ಗೋಂದು ಕಂದು ಬಣ್ಣಕ್ಕೆ ತಿರುಗಿದೆ, ಪಕ್ಕದಲ್ಲಿ ಪೆನ್ಸಿಲಲ್ಲಿ ತಾರೀಖು, ಒಂದು ಚೀಟಿ ಅರ್ಧ ಗೆದ್ದಲು ತಿಂದಿದೆ. ಆ ಚೀಟಿ ಇದೆಯಲ್ಲ, ಪುಸ್ತಕದಷ್ಟೇ ಮುಖ್ಯ ಅದು, ಯಾಕಂದ್ರೆ ಯಾವ ನಿಯಮ ಯಾವತ್ತಿಂದ ಬದಲಾಯ್ತು ಅಂತ ಹೇಳೋದು ಅದೇ.

ಈಗ ಹೊಟ್ಟೆ ಉರಿಯೋ ವಿಷಯ. ನಾನು ಕಣ್ಣಾರೆ ನೋಡಿದೀನಿ, ಒಂದು ಆಫೀಸು ಹೊಸ ಕಟ್ಟಡಕ್ಕೆ ಹೋಗುವಾಗ ಇಂಥ ಐಎಸ್ಐ (ಈಗಿನ ಬಿಐಎಸ್, ಕೋಡ್ ಹೊರಡಿಸೋ ಸಂಸ್ಥೆ) ಪುಸ್ತಕ ಮೂಟೆಗಟ್ಟಲೆ ಗುಜರಿಗೆ ಹೋದ್ವು, ಕಿಲೋ ಲೆಕ್ಕದಲ್ಲಿ. ಕೇಳಿದ್ರೆ "ಅವೆಲ್ಲಾ ಕ್ಯಾನ್ಸಲ್ ಆಗಿರೋವು ಸಾರ್" ಅಂದ್ರು. ಕೋಡ್ ಕ್ಯಾನ್ಸಲ್ ಆಗುತ್ತೆ ರೀ, ಆ ಕೋಡಲ್ಲಿ ಕಟ್ಟಿದ ನೀರಿನ ಟ್ಯಾಂಕು, ಸ್ಕೂಲು, ಆಸ್ಪತ್ರೆ ಕ್ಯಾನ್ಸಲ್ ಆಗ್ತಾವಾ? ಅದರ ಕೆಳಗೇ ನಮ್ಮ ಮಕ್ಕಳು ಕೂತು ಪಾಠ ಕೇಳ್ತಿರೋದು. ನಮ್ಮೂರಿನ ಬಟ್ಟೆ ಮಿಲ್ಲುಗಳು ಮುಚ್ಚಿದಾಗ್ಲೂ ಹಿಂಗೇ ಆಯ್ತು, ಮ್ಯಾಂಚೆಸ್ಟರ್ ಅಂತ ಹೆಸರು ಉಳೀತು, ಮಷೀನಿನ ಡ್ರಾಯಿಂಗ್ ಎಷ್ಟು ಉಳಿದ್ವು?

ಈಗ ನಡೀತಿರೋ ಸ್ಟ್ಯಾಂಡರ್ಡ್‌ಗಳು, ಅಂದ್ರೆ ಇಂಥ ಕೋಡ್‌ಗಳು, ಬಿಐಎಸ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗ್ತಾವೆ, ಅದು ಒಳ್ಳೇದೇ. ಮೊದಲು ಅದೂ ಇರಲಿಲ್ಲ, ಕಾರ್ಲ್ ಮಲಮೂಡ್ ಅನ್ನೋ ಅಮೆರಿಕದವರು ಸಾವಿರಾರು ಭಾರತೀಯ ಸ್ಟ್ಯಾಂಡರ್ಡ್ ಕಾಸು ಕೊಟ್ಟು ತಗೊಂಡು ನೆಟ್ಟಿಗೆ ಹಾಕಿದ್ರು, ಅದು ದೆಹಲಿ ಹೈಕೋರ್ಟ್ ತನಕ ಹೋಯ್ತು. ನಾನು ಕೇಳ್ತಿರೋದು ಇನ್ನೊಂದು ಹೆಜ್ಜೆ, 456 ಒಂದೇ ತಗೊಂಡ್ರೂ 1953, 1957, 1964, 1978, 2000 ಅಂತ ಐದಿದಾವೆ, ಐದೂ ಚೀಟಿ ಸಮೇತ ಒಂದೇ ಕಡೆ ಸಿಗಬೇಕು.

ಪೇಟೆಂಟ್ ಕಾಗದದ್ದೂ ಇದೇ ಕಥೆ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ರಲ್ಲ, ನಮ್ಮ ಸಿಎಸ್ಐಆರ್‌ನೋರು (ಕೇಂದ್ರದ ವಿಜ್ಞಾನ ಸಂಶೋಧನಾ ಸಂಸ್ಥೆ) 1997ರಲ್ಲಿ ಅದನ್ನ ರದ್ದು ಮಾಡಿಸಿದ್ದು ಭಾಷಣ ಮಾಡಿ ಅಲ್ಲ, ಇದು ಮೊದಲೇ ಗೊತ್ತಿದ್ದ ವಿದ್ಯೆ ಅಂತ ತೋರಿಸೋ ಹಳೇ ದಾಖಲೆ ಇಟ್ಟು. ಅದರಲ್ಲಿ ಭಾರತೀಯ ವೈದ್ಯರ ಸಂಘದ ಪತ್ರಿಕೆಯ 1953ರ ಲೇಖನಾನೂ ಇತ್ತು. ಅಜ್ಜಿ ಹಚ್ತಿದ್ಲು ಅಂದ್ರೆ ನಡೆಯಲ್ಲ, ತಾರೀಖು ಇರೋ ಕಾಗದ ಬೇಕು. ಚನ್ನಗಿರಿ ಕಡೆ ಶೆಡ್‌ಗಳಲ್ಲಿ ಅಡಿಕೆ ಸುಲಿಯೋ ಮಷೀನಿಗೆ ಎಷ್ಟು ಜನ ಕೈ ಹಾಕಿದಾರೆ, ರೋಲರ್ ಬದಲಾಯಿಸಿ, ಬ್ಲೇಡ್ ಬದಲಾಯಿಸಿ, ಒಬ್ರೂ ಒಂದು ಹಾಳೇಲಿ ಸ್ಕೆಚ್ ಹಾಕಿ ತಾರೀಖು ಬರೆದು ಎಲ್ಲರಿಗೂ ಕಾಣೋ ಕಡೆ ಇಟ್ಟಿಲ್ಲ. ನಾಳೆ ಇನ್ಯಾರೋ ಪೇಟೆಂಟ್ ಹಾಕಿದ್ರೆ ಏನ್ ತೋರಿಸ್ತಾರೆ? ಪೇಟೆಂಟಿನ ಅವಧಿ 20 ವರ್ಷ, ಅದು ಮುಗಿದ ಮೇಲೆ ಅದರಲ್ಲಿರೋ ವಿದ್ಯೆ ಓದಿ ಯಾರು ಬೇಕಾದ್ರೂ ಬಳಸಬಹುದು, ಇದೂ ನಮ್ಮ ವರ್ಕ್‌ಶಾಪ್ ಹುಡುಗ್ರಿಗೆ ಯಾರೂ ಹೇಳಿಲ್ಲ.

1836ರಲ್ಲಿ ಅಮೆರಿಕದ ಪೇಟೆಂಟ್ ಆಫೀಸಿಗೆ ಬೆಂಕಿ ಬಿದ್ದು ಹತ್ತು ಸಾವಿರದಷ್ಟು ಪೇಟೆಂಟಿನ ದಾಖಲೆ ಸುಟ್ಟುಹೋದ್ವು. ಆಮೇಲೆ ಜನರ ಹತ್ರ ಉಳಿದಿದ್ದ ಪ್ರತಿ ತರಿಸಿ ತರಿಸಿ 2,800ರಷ್ಟು ವಾಪಸ್ ಸೇರಿಸಿದ್ರು. ಅಂದ್ರೆ ಮನೆಮನೆಯಿಂದ್ಲೇ ಸೇರಿಸಿದ್ದು.

ನಾನು ಶುರು ಮಾಡಿದೀನಿ. ಭಾನುವಾರ ಕೂತು ಸ್ಕ್ಯಾನ್ ಮಾಡ್ತೀನಿ, ಚೀಟಿ ಕೀಳಲ್ಲ, ಮೊದಲು ಅಂಟಿರೋ ಹಂಗೇ ಒಂದು, ಆಮೇಲೆ ಮೆಲ್ಲಗೆ ಎತ್ತಿ ಕೆಳಗಿನ ಸಾಲು ಕಾಣೋ ಹಂಗೆ ಇನ್ನೊಂದು. ಫೈಲಿನ ಹೆಸರಲ್ಲೇ ನಂಬರ್, ವರ್ಷ, ಎಷ್ಟನೇ ತಿದ್ದುಪಡಿ ಅಂತ ಹಾಕ್ತೀನಿ. ಕಾಪಿರೈಟ್ ಏನಾಗುತ್ತೆ ಅಂತ ಕೇಳೋರಿಗೆ, ಸರ್ಕಾರಿ ಪ್ರಕಟಣೆಗೆ 60 ವರ್ಷ, 1964ರದ್ದು ಮುಗಿದಾಯ್ತು. ಅದಕ್ಕಿಂತ ಈಚಿನವು ಸದ್ಯಕ್ಕೆ ಸ್ಕ್ಯಾನ್ ಮಾಡಿ ಇಟ್ಕೊಂಡಿರ್ತೀನಿ, ಎಲ್ಲೂ ಹಾಕಲ್ಲ.

456ರ 1953ರದ್ದೂ 1957ರದ್ದೂ ನನಗಿನ್ನೂ ಸಿಕ್ಕಿಲ್ಲ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ಕಡೆ ಪಿಡಬ್ಲ್ಯೂಡಿ, ನೀರಾವರಿ ಇಲಾಖೇಲಿ ಇದ್ದೋರ ಮನೆ ಅಟ್ಟದ ಮೇಲೆ ಖಂಡಿತ ಇರುತ್ತೆ. ಅಪ್ಪಂದೋ ಅಜ್ಜಂದೋ ಟ್ರಂಕ್ ಇದ್ರೆ ಒಂದ್ಸಲ ತೆಗೆದು ನೋಡ್ರಿ, ಇನ್‌ಬಾಕ್ಸಿಗೆ ಒಂದು ಫೋಟೋ ಕಳಿಸ್ರಿ, ನಾನೇ ಸ್ಕ್ಯಾನರ್ ಹೊತ್ಕೊಂಡು ಬರ್ತೀನಿ, ಪುಸ್ತಕ ನಿಮ್ಮನೇಲೇ ಇರಲಿ.