ಎಷ್ಟು ಕೋಟಿ?

ನಿನ್ನೆ ಕೂಗಿ ಕೂಗಿ ಗಂಟಲು ಕಟ್ಟಿದೆ. ಡಬ್ಲಿನ್‌ಗೆ ಬಂದು ಇಷ್ಟು ವರ್ಷವಾದರೂ ಗೇಲಿಕ್ ಫುಟ್‌ಬಾಲ್‌ನ (ಐರ್ಲೆಂಡಿನದೇ ಆಟ) ಆಲ್ ಐರ್ಲೆಂಡ್ ಫೈನಲ್ ಪಂದ್ಯವನ್ನು ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲೇ ಕುಳಿತು ನೋಡಿದ್ದು ಇದೇ ಮೊದಲು. ಟಿಕೆಟ್ ಕೊಡಿಸಿದ ಪಕ್ಕದ ಮನೆಯ ಹಿರಿಯರಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಮೊದಲರ್ಧ ಮುಗಿಯುವ ಹೂಟರ್ ಮೊಳಗುವ ಹೊತ್ತಿಗೆ ಕೆರಿ ಜಿಲ್ಲೆಯ ತಂಡದ ಡೇವಿಡ್ ಕ್ಲಿಫರ್ಡ್ ಅಂಕಣದಲ್ಲಿ ಎಳೆದ 40 ಮೀಟರ್ ಕಮಾನು ಗೆರೆಯ ಆಚೆಯಿಂದ ಎಡಗಾಲಲ್ಲಿ ಒದ್ದ. ಚೆಂಡು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾದುಹೋಯಿತು. 2025ರಲ್ಲಿ ಬಂದ ಹೊಸ ನಿಯಮದಂತೆ ಅದಕ್ಕೆ 1ರ ಬದಲು 2 ಅಂಕ. ಡೊನೆಗಾಲ್ ಎದುರು ಕೆರಿಗೆ 7 ಅಂಕಗಳ ಮುನ್ನಡೆ. ನಮ್ಮ ಸಾಲಿನಲ್ಲಿ ಕುಳಿತವರು ಒಬ್ಬರೂ ಇರಲಿಲ್ಲ.

ಅದೇ ಸಂಭ್ರಮದಲ್ಲಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಕ್ಲಿಫರ್ಡ್‌ನ ಫೋಟೊ ಹಾಕಿದೆ. ಗೆಳೆಯನೊಬ್ಬನಿಂದ ಬಂದ ಮೊದಲ ಪ್ರಶ್ನೆ: "ಇವನಿಗೆ ವರ್ಷಕ್ಕೆ ಎಷ್ಟು ಕೋಟಿ?" ಆಟಕ್ಕೆ ಸಂಬಳವಿಲ್ಲ, ಕಿಲಾರ್ನಿಯ ಶಾಲೆಯಲ್ಲಿ ಮೇಷ್ಟ್ರು ಎಂದು ಬರೆದೆ. "ಹಾಗಾದರೆ ಅಂಥ ದೊಡ್ಡ ಆಟಗಾರನಲ್ಲ ಬಿಡು" ಎಂಬ ಉತ್ತರ ಬಂತು. ಪಂದ್ಯ ಮುಗಿದು ಕೆರಿ 39ನೇ ಬಾರಿ ಕಪ್ ಎತ್ತಿದರೂ ಆ ಮಾತು ನನ್ನನ್ನು ಕೊರೆಯುತ್ತಲೇ ಇದೆ.

ದೊಡ್ಡ ಆಟಗಾರನಲ್ಲವೇ? 1999ರಲ್ಲಿ ಹುಟ್ಟಿದ ಈ ಹುಡುಗ 2017ರ ಕಿರಿಯರ ಫೈನಲ್‌ನಲ್ಲಿ ನಾಯಕನಾಗಿ 4 ಗೋಲು, 4 ಪಾಯಿಂಟ್ ಹೊಡೆದ. ಗೋಲಿಗೆ 3 ಅಂಕ, ಪಾಯಿಂಟ್‌ಗೆ 1, ಅಂದರೆ ಅವನೊಬ್ಬನದೇ 16. ಡೆರಿ ತಂಡದ ಅಷ್ಟೂ ಜನ ಸೇರಿ ಗಳಿಸಿದ್ದು 11. ಮರುವರ್ಷವೇ ಹಿರಿಯರ ತಂಡಕ್ಕೆ ಬಂದ. 2022ರ ಫೈನಲ್‌ನಲ್ಲಿ ಗಾಲ್ವೇ ವಿರುದ್ಧ 8 ಅಂಕ, ನಿನ್ನೆ 9. 2022 ಮತ್ತು 2023ರಲ್ಲಿ ವರ್ಷದ ಆಟಗಾರ ಪ್ರಶಸ್ತಿ ಅವನಿಗೇ. ಆ 2023 ಎಂಥ ವರ್ಷ! ಜನವರಿಯಲ್ಲಿ ಅವನ ಊರಿನ ಕ್ಲಬ್ ಫೊಸಾ ಇದೇ ಕ್ರೋಕ್ ಪಾರ್ಕ್‌ನಲ್ಲಿ ಕೆಳ ಶ್ರೇಣಿಯ ಕ್ಲಬ್‌ಗಳ ಜೂನಿಯರ್ ಕಪ್ ಗೆದ್ದಿತು. ಅವನೂ ಅಣ್ಣ ಪೌಡಿಯೂ ಕೆಂಪು ಕಾರ್ಡ್ ಪಡೆದು ಹೊರಗೆ ನಡೆದಿದ್ದರು. ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಜುಲೈ ಫೈನಲ್‌ನಲ್ಲಿ ಡಬ್ಲಿನ್ ಎದುರು 2 ಅಂಕಗಳಿಂದ ಸೋಲು. ಅಷ್ಟೆಲ್ಲ ಹೊತ್ತುಕೊಂಡೇ ಆಡಿದ. ಆಸ್ಟ್ರೇಲಿಯಾದ ವೃತ್ತಿಪರ ಕ್ಲಬ್‌ಗಳು ಹದಿಹರೆಯದಲ್ಲೇ ಅವನ ಮೇಲೆ ಕಣ್ಣಿಟ್ಟಿದ್ದವು. ಅವನು ಊರು ಬಿಡಲಿಲ್ಲ.

ಇದರಲ್ಲಿ ಅನ್ಯಾಯವಿಲ್ಲವೇ ಎಂದು ಕೇಳುವವರಿದ್ದೀರಿ. 82,000 ಜನ ದುಡ್ಡು ಕೊಟ್ಟು ನೋಡುವಾಗ ಆಡುವವನಿಗೆ ಪ್ರಯಾಣ ವೆಚ್ಚ, ಸರ್ಕಾರದ ಸಣ್ಣ ಅನುದಾನ, ಹೆಸರಾದರೆ ಒಂದಿಷ್ಟು ಜಾಹೀರಾತು, ಇಷ್ಟೇ. 1884ರಲ್ಲಿ ಹುಟ್ಟಿದ, ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಸಂಬಳವಿಲ್ಲದ ಆಟವನ್ನೇ ನಡೆಸುತ್ತಿದೆ. ಆಟಗಾರರು ಹೆಚ್ಚು ಕೇಳಲಿ, ಅದು ಅವರ ಹಕ್ಕು. ಆದರೆ ನನ್ನ ಗೆಳೆಯ ಹಕ್ಕಿನ ಮಾತನ್ನೇ ಆಡಲಿಲ್ಲ. ಬೆಲೆಚೀಟಿ ಅಂಟಿಸದಿದ್ದರೆ ಅವನಿಗೆ ಆಟವೇ ಕಾಣುವುದಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಈ ಸಿಟ್ಟಿನ ಬೇರು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮ್ಮಣ್ಣನ ಕಬಡ್ಡಿ ರೈಡ್ ನೋಡಿದವರಿದ್ದೀರಿ. ಪಕ್ಕದ ಊರುಗಳಿಂದ ಜನ ಸೈಕಲ್ ತುಳಿದು ಬರುತ್ತಿದ್ದರು. ಮನೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಇದರಿಂದ ಏನು ಗಿಟ್ಟುತ್ತದೆ? ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಒಂದು ದಿನ ಆ ಪ್ರಶ್ನೆಯನ್ನು ಎಲ್ಲರೆದುರು ಕೇಳಿದವನು ನಾನು. ಇಂಜಿನಿಯರಿಂಗ್ ಸೀಟು ಸಿಕ್ಕ ವಾರ ಅದು. ಅಣ್ಣ ಮಾತಾಡಲಿಲ್ಲ. ಬೆವರಿನಿಂದ ಇನ್ನೂ ಒದ್ದೆಯಾಗಿದ್ದ ಮೊಣಕಾಲಿನ ಪಟ್ಟಿಯನ್ನು ಬಿಚ್ಚಿ ಹಜಾರದ ಗೂಟಕ್ಕೆ ನೇತುಹಾಕಿದ. ಅದು ಅಲ್ಲೇ ಒಣಗಿ ಬಿರುಸಾಯಿತು. ಅವನು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ.

ನಿನ್ನೆ ಮನೆಗೆ ಬಂದ ಮೇಲೆ ಆ ಒದೆತದ ವಿಡಿಯೊವನ್ನು ಅಣ್ಣನಿಗೆ ಕಳುಹಿಸಿದೆ. ಊರಿನಲ್ಲಿ ಆಗ ನಡುರಾತ್ರಿ. ಬೆಳಿಗ್ಗೆ ಎದ್ದು ನೋಡಿದರೆ ಅವನ ಒಂದೇ ಸಾಲು: "ಎಷ್ಟು ದೂರದಿಂದ ಹೊಡೆದನೋ?"