ಸ್ಪಷ್ಟನೆ: ಔಷಧಕ್ಕೆ ಜಗ್ಗದಿರುವುದು ದೇಹವಲ್ಲ, ಬ್ಯಾಕ್ಟೀರಿಯಾ

‘ಆಂಟಿಬಯೋಟಿಕ್ ಮುಟ್ಟದವರಿಗೆ ಆಸ್ಪತ್ರೆ ಸೋಂಕು ತಗುಲಿದರೂ ಔಷಧ ಖಂಡಿತ ಕೆಲಸ ಮಾಡುತ್ತದೆ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಸುಮ್ನೆ ಆಂಟಿಬಯೋಟಿಕ್ ನುಂಗದಿರುವುದು ಒಳ್ಳೆಯದೇ. ಆದರೆ ಔಷಧಕ್ಕೆ ಜಗ್ಗದಂತಾಗುವುದು ನಮ್ಮ ದೇಹವಲ್ಲ, ಬ್ಯಾಕ್ಟೀರಿಯಾ. ಅದು ಬೇರೆಯವರಿಂದಲೂ ಬರುತ್ತದೆ ಅಲ್ವಾ?

ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮಂಚದ ಕಂಬಿಯಂಥ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ಅಲ್ಲಿಂದ ಕೈಗೆ, ಕೈಯಿಂದ ಮೂತ್ರದ ನಳಿಕೆಗೋ ವೆಂಟಿಲೇಟರ್ ಕೊಳವೆಗೋ ದಾಟುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅಂತೂ ಔಷಧ ತಡೆಯುವ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ಕೊಡಬಲ್ಲದು. ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದ ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳ 2024ರ ಪಟ್ಟಿಯಲ್ಲಿ ಅತಿ ಗಂಭೀರ ಗುಂಪಿಗೆ ಸೇರಿಸಿದೆ.

ಹಾಗಂತ ವೈದ್ಯರು ಬರೆದ ಔಷಧ ಬಿಡಬೇಡಿ. ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ. ನಳಿಕೆ ಇನ್ನೂ ಬೇಕಾ ಅಂತ ದಿನಾ ಕೇಳಿ, ಸಂಕೋಚ ಬೇಡ.