ಗೋಡೆಯ ಮೇಲಿನ ನಂಬರುಗಳು

ಮೊನ್ನೆ ಮಗಳು ಬೆಂಗಳೂರಿಂದ ಬಂದವಳು ನನ್ನ ಕೈಗೆ ಹೊಸ ಫೋನ್ ಕೊಟ್ಟಳು. ಮೇಜಿನ ಮೇಲಿದ್ದ ಹಳೇ ಕೀಪ್ಯಾಡ್ ಸೆಟ್ಟನ್ನು ಎತ್ತಿ ಹಿಡಿದು, "ಅಮ್ಮಾ, ಇನ್ನಾದರೂ ಇದನ್ನು ಬಿಡು" ಅಂದಳು. ಬಿಡುವುದಿಲ್ಲ ಅಂದೆ. ಯಾಕೆಂದು ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಾದಾಗ ಓದಿ.

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಗೆ ಮೊದಲು ಬಂದದ್ದು ಲ್ಯಾಂಡ್‌ಲೈನ್. ರಸ್ತೆಯಿಂದ ತೋಟದೊಳಗೆ ಸಿಲ್ವರ್ ಮರದಿಂದ ಮರಕ್ಕೆ ತಂತಿ ಎಳೆದಿದ್ದರು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಗುಡುಗು ಶುರುವಾಯಿತೆಂದರೆ ಮಾವನವರು ಎಲ್ಲಿದ್ದರೂ ಓಡಿಬಂದು ಫೋನಿನ ವಯರ್ ಕಿತ್ತಿಡುತ್ತಿದ್ದರು. ಕಕ್ಕಡದ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಗಾಳಿಗೆ ಮರ ಬಿದ್ದು ತಂತಿ ಹರಿದರೆ ಮುಗಿಯಿತು, ಮತ್ತೆ ಅದರಲ್ಲಿ ಡಯಲ್ ಟೋನ್ ಕೇಳುತ್ತಿದ್ದದ್ದು ಸೆಪ್ಟೆಂಬರಿನ ಕೈಲ್‌ಮುಹೂರ್ತ ಹಬ್ಬದ ಹೊತ್ತಿಗೆ. ಆದರೂ ಆ ಫೋನಿನಿಂದ ಒಂದು ಅಭ್ಯಾಸ ಬಂತು. ತವರಿನದು, ಅಕ್ಕನ ಮನೆಯದು, ಶಾಲೆಯದು, ಡಾಕ್ಟರದು, ಎಲ್ಲ ನಂಬರೂ ಬಾಯಿಪಾಠವಾಗಿದ್ದವು.

ಮೊಬೈಲಿಗೆ ನಾನು ತಡವಾಗಿ ಬಂದವಳು. ಮೊದಮೊದಲು ಒಳಬರುವ ಕರೆಗೂ ದುಡ್ಡು ಹೋಗುತ್ತಿತ್ತು. 2003ರಲ್ಲಿ ಅದು ನಿಂತ ಮೇಲೆಯೇ ನಮ್ಮಂಥವರು ಆ ಕಡೆ ನೋಡಿದ್ದು. ನಾನು ಕೊಂಡದ್ದು ನೋಕಿಯಾ 1100. ಅದೇ 2003ರಲ್ಲಿ ಬಂದ ಸೆಟ್ಟು, ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಗಿದೆಯಂತೆ. ನನಗೆ ಅದು ಹಿಡಿಸಿದ್ದು ತಲೆಯಲ್ಲಿದ್ದ ಟಾರ್ಚಿಗಾಗಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರಿನವರಿಗೆ ಟಾರ್ಚಿನ ಬೆಲೆ ಗೊತ್ತು. ಸಿಗ್ನಲ್ ಸಿಗುತ್ತಿದ್ದದ್ದು ಕಾಫಿ ಕಣದ ತುದಿಯಲ್ಲಿ, ಹಲಸಿನ ಮರದ ಹತ್ತಿರ ಮಾತ್ರ. ಕೊಡೆ ಹಿಡಿದು ಅಲ್ಲಿ ನಿಂತೇ ಮಗಳ ಹಾಸ್ಟೆಲ್ಲಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದೆ. ಒಂದು ರಿಂಗ್ ಅಂದರೆ ಕ್ಷೇಮ, ಎರಡು ಅಂದರೆ ತಿರುಗಿ ಮಾಡು.

2016ರಲ್ಲಿ ಜಿಯೋ ಬಂದಾಗ ನಮ್ಮವರು ಸ್ಮಾರ್ಟ್‌ಫೋನ್ ತೆಗೆದುಕೊಂಡರು. ಆ ಸಿಮ್ಮು 4ಜಿಯದು, ನನ್ನ ಸೆಟ್ಟಿಗೆ ಹಾಕಿದರೂ ನಡೆಯುವುದಿಲ್ಲ. ನಾನು ಬದಲಾಯಿಸಲಿಲ್ಲ. ಇದ್ದದ್ದು ಸರಿಯಾಗಿ ಕೆಲಸ ಮಾಡುವಾಗ ಎಸೆಯುವುದು ನಮ್ಮ ಮನೆಯಲ್ಲಿ ಕಲಿಸಿದ ಪಾಠವಲ್ಲ.

ಆಮೇಲೆ 2018ರ ಆಗಸ್ಟ್ ಬಂತು, ಕೊಡಗಿನ ಗುಡ್ಡಗಳು ಜರಿದ ತಿಂಗಳು.

ಅಕ್ಕನ ಮನೆ ಮಕ್ಕಂದೂರಿನ ಕಡೆ, ಇಳಿಜಾರಿನಲ್ಲಿತ್ತು. 16ನೇ ತಾರೀಕು ಸಂಜೆ ಮಾತಾಡಿದಾಗ, "ಹಿಂದಿನ ಬರೆಯಲ್ಲಿ ಕೆಂಪು ನೀರು ಬರ್ತಾ ಉಂಟು" ಅಂದಳು. ಬರೆ ಎಂದರೆ ಮನೆಯ ಹಿಂದಿನ ಕಡಿದಾದ ಮಣ್ಣಿನ ದಿಬ್ಬ. ಮಾರನೆಯ ದಿನದಿಂದ ಮಾತಿಲ್ಲ. ಲ್ಯಾಂಡ್‌ಲೈನ್ ಜೂನ್‌ನಲ್ಲೇ ಸತ್ತಿತ್ತು. ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ನಮ್ಮವರ ಸ್ಮಾರ್ಟ್‌ಫೋನ್ ಒಂದೇ ದಿನಕ್ಕೆ ಕಪ್ಪಾಯಿತು. ಕಪ್ಪಾಗುವ ಮೊದಲು ಅದರಲ್ಲಿ ಗುಡ್ಡ ಜಾರುವ, ಮನೆ ಉರುಳುವ ವಿಡಿಯೋಗಳು ಬಂದಿದ್ದವು. ಅವುಗಳಲ್ಲಿ ಅಕ್ಕನ ಮನೆಯ ಹೆಂಚು ಕಾಣುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದ್ದೆ. ಇವತ್ತಿಗೂ ನನಗೆ ಅಂಥ ವಿಡಿಯೋ ಫಾರ್ವರ್ಡ್ ಮಾಡಬೇಡಿ.

ಮೂರು ದಿನ. ನನ್ನ ಕೀಪ್ಯಾಡಿನಲ್ಲಿ ಎರಡು ಕಡ್ಡಿ ಚಾರ್ಜ್ ಇತ್ತು. ಮಾಡಿದ ಕರೆ ಹೋಗುತ್ತಿರಲಿಲ್ಲ. ಆದರೂ ಹಲಸಿನ ಮರದ ಬುಡಕ್ಕೆ ಹೋಗಿ ಬರುವುದು ಬಿಡಲಿಲ್ಲ. 19ನೇ ತಾರೀಕು ಮಧ್ಯಾಹ್ನ ಅಲ್ಲಿ ನಿಂತಿದ್ದಾಗ ಗುರುತಿಲ್ಲದ ನಂಬರಿಂದ ರಿಂಗಾಯಿತು. ಅಕ್ಕ! ಉಟ್ಟ ಬಟ್ಟೆಯಲ್ಲಿ ಇಡೀ ದಿನ ನಡೆದು ಮಡಿಕೇರಿಯ ಪರಿಹಾರ ಕೇಂದ್ರ ಸೇರಿದ್ದಳು. ಅವಳ ಫೋನ್ ಮನೆಯ ಜೊತೆ ಮಣ್ಣಿನಡಿ ಹೋಗಿತ್ತು. ಅಲ್ಲಿ ಯಾರದೋ ಫೋನ್ ಕೇಳಿ ಪಡೆದು, ಬಾಯಿಪಾಠವಿದ್ದ ಒಂದೇ ನಂಬರಿಗೆ ಮಾಡಿದ್ದಳು. ಅದು ನನ್ನದು. ಮಕ್ಕಳ ನಂಬರು ಅವಳಿಗೆ ಗೊತ್ತಿರಲಿಲ್ಲ, ಅವೆಲ್ಲ ಫೋನಿನೊಳಗಿದ್ದವು.

ಇಷ್ಟಾದ ಮೇಲೂ ನಾನು ಸ್ಮಾರ್ಟ್‌ಫೋನ್ ಬೇಡ ಎನ್ನಲಿಲ್ಲ ಎಂಬುದನ್ನು ಮಗಳು ಗಮನಿಸಬೇಕು. ಆ ವರ್ಷದ ಹುತ್ತರಿ ಸುಗ್ಗಿಹಬ್ಬ ಕಳೆದು ಒಂದು ಕೊಂಡೆ, ನಿಧಾನವಾಗಿ ಕಲಿತೆ. ಅದು ಕೊಟ್ಟದ್ದನ್ನು ಇಲ್ಲವೆಂದರೆ ಸುಳ್ಳಾಗುತ್ತದೆ. ಮಾವನವರ ಕಾಲದಿಂದ ನಮ್ಮಲ್ಲಿ ಮಳೆಯ ಲೆಕ್ಕದ ಪುಸ್ತಕವಿದೆ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ದಿನಾ ಬರೆಯುವುದು. ಈಗ ಬೆಳಿಗ್ಗೆ ಏಳಕ್ಕೆಲ್ಲ ಸುತ್ತಲಿನ ಬೆಳೆಗಾರರ ಅಳತೆಯೂ ಗ್ರೂಪಿನಲ್ಲಿ ಬಂದುಬಿಡುತ್ತದೆ, ಭಾಗಮಂಡಲದಲ್ಲಿ ರಾತ್ರಿ ಎಷ್ಟು ಸುರಿಯಿತೆಂದು ನೋಡಿ ಹೊಳೆ ಯಾವಾಗ ಏರಬಹುದೆಂದು ಅಂದಾಜು ಮಾಡುತ್ತೇವೆ. ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿಯೂ ಅಲ್ಲೇ. ದಾಮಿನಿ ಆ್ಯಪ್ 20 ಕಿ.ಮೀ. ಒಳಗೆ ಸಿಡಿಲಿದ್ದರೆ ತೋರಿಸುತ್ತದೆ. ಮೇ ತಿಂಗಳಲ್ಲಿ ಅದನ್ನು ನೋಡಿಯೇ ಕೆಲಸದವರನ್ನು ತೋಟದಿಂದ ಮೇಲೆ ಕರೆಯುತ್ತೇನೆ. ತೋಟದ ಕೆಲಸದವರ ಲೈನ್ ಮನೆಯ ಅಸ್ಸಾಮಿನ ಹುಡುಗಿ ಸಂಜೆ ಕಣದ ತುದಿಯಲ್ಲಿ ನಿಂತು ತನ್ನ ತಾಯಿಯ ಮುಖ ನೋಡುತ್ತಾಳೆ. ನನ್ನ ಹಲಸಿನ ಮರ ಈಗ ಅವಳದು.

ಆದರೆ 2020ರಲ್ಲಿ ಆನ್‌ಲೈನ್ ಪಾಠ ಶುರುವಾದಾಗ ನಾನು ಪಾಠ ಮಾಡುವ ಶಾಲೆಯ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತದ್ದನ್ನು ಕಂಡಿದ್ದೇನೆ. ಮನೆಯಲ್ಲಿ ಒಂದೇ ಫೋನ್, ಅದೂ ಅಪ್ಪ ಕೆಲಸಕ್ಕೆ ಕೊಂಡೊಯ್ಯುವುದು. ಸರ್ಕಾರದ ವಿದ್ಯಾಗಮ ಯೋಜನೆ ಬಂದು ನಾವು ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡಿತು. ಅದೇ ವರ್ಷ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪಿನಲ್ಲಿ ಮಾಡಬೇಕೆಂದಾಯಿತು. ತೋಟದೊಳಗೆ ನಿಂತು ಫೋಟೋ ತೆಗೆಯಬೇಕು. ನೆರೆಮನೆಯ ಎಪ್ಪತ್ತೆಂಟು ವರ್ಷದ ಅಜ್ಜ ಮೂರು ದಿನ ನನ್ನ ಹತ್ತಿರ ಬಂದರು, ಒಟಿಪಿ ಬರುವುದಕ್ಕೆ ಅವರ ನಂಬರು ಇದ್ದ ಸಿಮ್ಮೇ ಕಳೆದಿತ್ತು. ಐವತ್ತು ವರ್ಷ ತಾನೇ ನೆಟ್ಟು ಸಾಕಿದ ಗಿಡ ತನ್ನದೆಂದು ಹೇಳಲು ಆ ಮನುಷ್ಯ ಇನ್ನೊಬ್ಬರ ಮನೆ ಜಗಲಿಯಲ್ಲಿ ಕಾಯಬೇಕಾಯಿತು. ಇದು ನನಗೆ ಸಹಿಸಲಾಗದ್ದು. ಹೊಸ ದಾರಿ ತೆರೆಯಿರಿ, ಹಳೇ ಬಾಗಿಲನ್ನು ಯಾಕೆ ಮುಚ್ಚುತ್ತೀರಿ? ರಾಜ್ಯದ ವರುಣಮಿತ್ರ ಸಹಾಯವಾಣಿ ನೋಡಿ. ಯಾವ ಫೋನಿನಿಂದಾದರೂ ಮಾಡಿ, ಕನ್ನಡದಲ್ಲಿ ಮಳೆಯ ಮಾಹಿತಿ ಕೇಳಬಹುದು. ಎಲ್ಲ ಇಲಾಖೆಯಲ್ಲೂ ಹಾಗೊಂದು ದಾರಿ ಉಳಿಯಲಿ.

2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷೆ ನಡೆಯಿತಲ್ಲ, ನಿಮಗೂ ನೆನಪಿರಬಹುದು. ನನ್ನ ಸ್ಮಾರ್ಟ್‌ಫೋನ್ ಬೆಚ್ಚಿಬೀಳುವ ಹಾಗೆ ಕೂಗಿತು. ಪಕ್ಕದಲ್ಲೇ ಇದ್ದ ಕೀಪ್ಯಾಡ್ ಸುಮ್ಮನಿತ್ತು. ಅಂಥ ಎಚ್ಚರಿಕೆ 2018ರಲ್ಲಿ ಇದ್ದಿದ್ದರೆ ಎಂದು ಆ ದಿನ ತುಂಬಾ ಹೊತ್ತು ಕೂತೆ. ಮರುಕ್ಷಣವೇ ಇನ್ನೊಂದು ಯೋಚನೆ: ಟವರಿನ ಬ್ಯಾಟರಿ ಇಳಿದಿದ್ದರೆ ಅದು ಯಾರ ಕಿವಿಗೆ ಬೀಳುತ್ತಿತ್ತು? ಮಗಳೇ, ನೀನು ಕೊಟ್ಟ ಫೋನ್ ಚಂದ ಉಂಟು, ಅಕ್ಷರ ದೊಡ್ಡದಾಗಿ ಕಾಣುತ್ತದೆ, ನಾನು ಮಾತಾಡಿದ್ದನ್ನು ತಾನೇ ಕನ್ನಡದಲ್ಲಿ ಬರೆಯುತ್ತದೆ. ಈ ಬರಹದ ಅರ್ಧ ಹಾಗೇ ಬಂದದ್ದು. ಆದರೆ ಕೊಡಗಿನ ಮಳೆಗಾಲದಲ್ಲಿ ಫೋನ್ ಎಂದರೆ ಕೈಯಲ್ಲಿರುವ ಗಾಜಿನ ಹಲಗೆ ಮಾತ್ರವಲ್ಲ, ಗುಡ್ಡದ ಮೇಲಿನ ಟವರಿಗೆ ಡೀಸೆಲ್ ಹೊತ್ತು ಹತ್ತುವ ಮನುಷ್ಯನೂ ಅದರಲ್ಲಿ ಸೇರಿದ್ದಾನೆ. ಅವನು ಹತ್ತಲಾಗದ ದಿನಕ್ಕೆ ಏನು ಎಂಬುದನ್ನು ಕಂಪನಿಗಳೂ ಸರ್ಕಾರವೂ ಮೇ ತಿಂಗಳಲ್ಲೇ ಯೋಚಿಸಬೇಕು, ಆಗಸ್ಟಿನಲ್ಲಲ್ಲ.

ಅಕ್ಕ ಈಗ ಜಂಬೂರಿನ ಪುನರ್ವಸತಿ ಮನೆಯಲ್ಲಿದ್ದಾಳೆ. ಅವಳ ಅಡುಗೆಮನೆಯ ಗೋಡೆಯ ಮೇಲೂ ನನ್ನ ಅಡುಗೆಮನೆಯ ಗೋಡೆಯ ಮೇಲೂ ಎಂಟು ನಂಬರುಗಳನ್ನು ಬಣ್ಣದಲ್ಲಿ ಬರೆಸಿದ್ದೇವೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಮೊಮ್ಮಕ್ಕಳನ್ನು ನಿಲ್ಲಿಸಿ ಅವನ್ನು ಬಾಯಿಪಾಠ ಹೇಳಿಸುತ್ತೇನೆ. ದೊಡ್ಡವನಿಗೆ ಎಂಟೂ ಬರುತ್ತವೆ. ಚಿಕ್ಕವಳಿಗೆ ಸದ್ಯಕ್ಕೆ ಮೂರು.